ಒಂದು ನಿಮಿಷದ ಪ್ರಶ್ನೆ

"ಇನ್ನೊಂಚೂರು ಹತ್ತಿರ ಬನ್ನಿ... ಡಾಕ್ಟರ್, ಸ್ವಲ್ಪ ನಗಿ."

ಫೋಟೋ ತೆಗೆಯುವವನು ಮೂರನೇ ಸಲ ಹೇಳಿದ. ವೀರ್ಲೆಗೆ ನಗು ಬರಲಿಲ್ಲ.

ಬ್ರಸೆಲ್ಸ್‌ನಲ್ಲಿರುವ ಯುರೋಪಿನ ಸಂಸತ್ ಭವನದಲ್ಲಿ ಅದು ವಿಜ್ಞಾನಿಗಳ ವಾರ. ಒಬ್ಬೊಬ್ಬ ವಿಜ್ಞಾನಿಯನ್ನು ಒಬ್ಬೊಬ್ಬ ಸಂಸದರ ಜೊತೆ ಜೋಡಿ ಮಾಡುತ್ತಾರೆ. ಮೊದಲ ದಿನ ಫೋಟೋ, ಕೊನೆಯ ದಿನ ಸ್ಯಾಂಡ್‌ವಿಚ್. ನಡುವೆ ಏನಾಯಿತೆಂದು ಯಾರೂ ಕೇಳುವುದಿಲ್ಲ. ಫೋಟೋ ಮಾತ್ರ ವಿಶ್ವವಿದ್ಯಾಲಯದ ವಾರ್ಷಿಕ ವರದಿಯಲ್ಲಿ ಅರ್ಧ ಪುಟ ಅಚ್ಚಾಗುತ್ತದೆ.

ಅಡುಗೆಕಟ್ಟೆಗೆ ಹಾಸುವ ಕೃತಕ ಕಲ್ಲನ್ನು ಕತ್ತರಿಸುವವರ ಶ್ವಾಸಕೋಶಕ್ಕೆ ಆ ಧೂಳು ಏನು ಮಾಡುತ್ತದೆ ಎಂದು ವೀರ್ಲೆ ಏಳು ವರ್ಷ ಅಧ್ಯಯನ ಮಾಡಿದ್ದಳು. ಕಾರ್ಖಾನೆಯ ಗಾಳಿಯಲ್ಲಿ ಎಷ್ಟು ಧೂಳು ಇರಬಹುದು ಎಂಬ ಕಾನೂನಿನ ಮಿತಿಯನ್ನು ಅರ್ಧಕ್ಕೆ ಇಳಿಸಬೇಕು ಎನ್ನುವುದು ಅವಳ ವರದಿಯ ಸಾರ. ಆ ಮಸೂದೆ ಈಗ ಸಂಸದೆ ಕೋಬಾಲ್ ಅವರ ಮೇಜಿನ ಮೇಲಿತ್ತು. ಹಾಗಾಗಿಯೇ ಈ ಜೋಡಿ.

"ಮೇಡಂ, ನನ್ನ ವರದಿ ಓದಿದ್ರಾ?" ಕೋಬಾಲ್ ತಮ್ಮ ಕೈಯನ್ನು ಅವಳ ಭುಜದ ಮೇಲೆ ಹಾಕುತ್ತಿದ್ದಂತೆ ವೀರ್ಲೆ ಕೇಳಿದಳು.

ಕೋಬಾಲ್ ಕ್ಯಾಮೆರಾ ಕಡೆಗೇ ನಗುತ್ತಾ ಹೇಳಿದರು, "ನಮ್ಮ ಬ್ಲಾಜ್ ಓದಿದಾನೆ."

ಫೋಟೋ ಆಯಿತು. ಕೋಬಾಲ್ ಹೊರಟೇಬಿಟ್ಟರು.

ಹಿಂದೆ ಫೈಲು ಹಿಡಿದು ನಿಂತಿದ್ದ ಎತ್ತರದ ಮನುಷ್ಯ ಮುಂದೆ ಬಂದ. ಬ್ಲಾಜ್, ಕೋಬಾಲ್ ಅವರ ಸಹಾಯಕ. ಸ್ಲೊವೇನಿಯಾದವನು. ಮೂರು ದಿನದ ಗಡ್ಡ, ನಿದ್ದೆಗೆಟ್ಟ ಕಣ್ಣು.

"ಇನ್ನೂರ ಹನ್ನೆರಡು ಪುಟ. ಪೂರ್ತಿ ಓದಿದೀನಿ," ಎಂದ. "ಎಂಬತ್ತೇಳನೇ ಪುಟದಲ್ಲಿ ಒಂದು ಕೋಷ್ಟಕ ಇದೆ. ಮೂರನೇ ಸಾಲಿನ ಮೊತ್ತ ತಾಳೆ ಆಗಲ್ಲ."

ವೀರ್ಲೆಗೆ ಮೈಯೆಲ್ಲ ಉರಿಯಿತು. 'ಯಾರಿವನು? ನನ್ನ ಕೋಷ್ಟಕವನ್ನು ತಪ್ಪು ಅನ್ನಲು!'

"ನೀವು ವಿಜ್ಞಾನಿಯಾ?"

"ಅಲ್ಲ. ಕೂಡೋದು ಕಳೆಯೋದು ಬರತ್ತೆ, ಅಷ್ಟೇ."

ಅವಳು ಅಲ್ಲೇ ಚೀಲದಿಂದ ವರದಿ ತೆಗೆದು ಲೆಕ್ಕ ಹಾಕಿದಳು. ಇನ್ನೊಮ್ಮೆ ಹಾಕಿದಳು. ಮೂವತ್ತೊಂದು ಇರಬೇಕಾದ ಕಡೆ ಹದಿಮೂರು ಅಚ್ಚಾಗಿತ್ತು. ಮೂವರು ಪ್ರಾಧ್ಯಾಪಕರು ಪರಿಶೀಲಿಸಿ ಸಹಿ ಹಾಕಿದ್ದ ವರದಿ ಅದು!

"ಬೇರೆ ಯಾರೂ ಹೇಳೋ ಮೊದಲು ತಿದ್ದಿಬಿಡಿ," ಎಂದ ಬ್ಲಾಜ್ ಮೆಲ್ಲಗೆ. "ಈ ಊರಲ್ಲಿ ಒಂದು ತಪ್ಪು ಸಿಕ್ಕರೆ ಇಡೀ ಪುಸ್ತಕನೇ ಸುಳ್ಳು ಅಂತಾರೆ."

ಕೋಪ ಪೂರ್ತಿ ಇಳಿಯಲಿಲ್ಲ. ಆದರೆ ತನ್ನ ವರದಿಯನ್ನು ಕೊನೆಯ ಪುಟದವರೆಗೂ ಓದಿದ ಮೊದಲ ಮನುಷ್ಯ ಇವನೇ ಎಂಬುದು ಅವಳ ಎದೆಯಲ್ಲಿ ಎಲ್ಲೋ ಕೂತಿತು.

ಆ ವಾರವಿಡೀ ಇಬ್ಬರೂ ಜಗಳವಾಡಿದರು. ಅವಳು ಹತ್ತು ಪುಟ ಕೊಟ್ಟರೆ ಅವನು ಒಂದು ಪುಟ ಕೇಳುತ್ತಿದ್ದ. ಅವಳು 'ಬಹುಶಃ' ಎಂದು ಬರೆದಲ್ಲೆಲ್ಲ ಅವನು ಪೆನ್ಸಿಲ್‌ನಲ್ಲಿ ಗೀಟು ಎಳೆಯುತ್ತಿದ್ದ. ಅವಳು ಅದನ್ನು ಅಳಿಸಿ ಮತ್ತೆ 'ಬಹುಶಃ' ಬರೆಯುತ್ತಿದ್ದಳು.

ನಾಲ್ಕನೇ ದಿನ ಸಂಜೆ ಜೂರ್ದಾ ಚೌಕದಲ್ಲಿ ಆಲೂಗಡ್ಡೆ ಫ್ರೈಗೆ ಸಾಲಿನಲ್ಲಿ ನಿಂತರು. ಕಾಗದದ ಪೊಟ್ಟಣ ಕೈಗೆ ಬಂದ ಮೇಲೆ ಬೆಂಚಿನ ಮೇಲೆ ಕೂತು, ಯಾಕೋ ಏನೋ, ವೀರ್ಲೆ ತಾನು ಯಾರಿಗೂ ಹೇಳದ ಮಾತನ್ನು ಹೇಳಿಬಿಟ್ಟಳು.

"ನನ್ನ ತಮ್ಮ ಯೆಲ್ಲೆ ಒಂಬತ್ತು ವರ್ಷ ಆ ಕಲ್ಲು ಕೊಯ್ದ. ಈಗ ಮೂವತ್ತನಾಲ್ಕು. ಮೆಟ್ಟಿಲು ಹತ್ತಕ್ಕಾಗಲ್ಲ. ಶ್ವಾಸಕೋಶ ಬದಲಾಯಿಸೋಕೆ ಸರದಿಯಲ್ಲಿದಾನೆ..."

ಬ್ಲಾಜ್ ಅಯ್ಯೋ ಅನ್ನಲಿಲ್ಲ.

"ಅವನು ಫ್ರೈಗೆ ಯಾವ ಸಾಸ್ ಹಾಕ್ಕೊಳ್ತಾನೆ?"

"ಮಯೋನೀಸ್. ಬರೀ ಮಯೋನೀಸ್. ಅರ್ಧ ಬಟ್ಟಲು."

"ಸರಿಯಾದ ಮನುಷ್ಯ," ಎಂದ ಬ್ಲಾಜ್. ವೀರ್ಲೆ ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ಅವನು ಅದನ್ನು ನೋಡಿಯೂ ನೋಡದವನಂತೆ ತನ್ನ ಪೊಟ್ಟಣವನ್ನು ಅವಳ ಕಡೆ ಸರಿಸಿದ.

ಇಂಥವನನ್ನು ಇಷ್ಟಪಡದೆ ಇರುವುದು ಹೇಗೆ? ಅವಳಿಗೆ ಗೊತ್ತಾಗಲಿಲ್ಲ.

ಎರಡು ತಿಂಗಳ ಮೇಲೆ ಸಮಿತಿಯ ವಿಚಾರಣೆ ನಿಗದಿಯಾಯಿತು. ತಜ್ಞೆಯಾಗಿ ವೀರ್ಲೆಗೆ ಐದು ನಿಮಿಷ. ವಿಶ್ವವಿದ್ಯಾಲಯದ ಮೂಲಕ ಹಿತಾಸಕ್ತಿ ಘೋಷಣೆಯ ಫಾರಂ ತುಂಬಿ ಕಳಿಸಿದಳು. ಕಂಪನಿಯ ಷೇರು ಇದೆಯೇ? ಸಂಬಳ ಪಡೆದಿದ್ದೀರಾ? ಉಡುಗೊರೆ, ಪ್ರಯಾಣ ವೆಚ್ಚ? ಎಲ್ಲದಕ್ಕೂ 'ಇಲ್ಲ' ಎಂದು ಬರೆದಳು. ನಿಜವೂ ಅದೇ.

ವಿಚಾರಣೆಯ ದಿನ ಬೆಳಿಗ್ಗೆ ರೈಲಿನಲ್ಲಿ ಬರುವಾಗಲೇ ಮೊಬೈಲಿಗೆ ಪತ್ರ ಬಂತು. ಅವಳ ಹೆಸರನ್ನು ವಿಶ್ವವಿದ್ಯಾಲಯ ಹಿಂದಕ್ಕೆ ಪಡೆದಿತ್ತು.

ಮೊದಲ ಸಾಲು ಓದಿದವಳೇ ನೇರ ಬ್ರಸೆಲ್ಸ್‌ನಲ್ಲಿದ್ದ ವಿಶ್ವವಿದ್ಯಾಲಯದ ಸಂಪರ್ಕ ಕಚೇರಿಗೆ ನುಗ್ಗಿದಳು. ಕಚೇರಿಯ ಮುಖ್ಯಸ್ಥೆ ಓಡೀಲ್ ಕಾಫಿ ಬಗ್ಗಿಸುತ್ತಿದ್ದಳು.

"ಕೂತ್ಕೊಳ್ಳಿ ವೀರ್ಲೆ. ನಿಮ್ಮ ತಮ್ಮ ಕಾಯಿಲೆಯವನು. ಫಾರಂನಲ್ಲಿ ನೀವು ಅದನ್ನ ಬರೆದಿಲ್ಲ. ನಾಳೆ ಯಾರಾದರೂ ಎತ್ತಿ ಆಡಿದರೆ ಸಂಸ್ಥೆ ಹೆಸರು ಏನಾಗಬೇಕು?"

"ಫಾರಂ ದುಡ್ಡಿನ ಬಗ್ಗೆ ಕೇಳತ್ತೆ. ತಮ್ಮನ ಬಗ್ಗೆ ಎಲ್ಲಿ ಕೇಳಿದೆ?"

"ಕೇಳದಿದ್ದರೂ ಬರೀಬೇಕಿತ್ತು."

"ನನ್ನ ಜಾಗಕ್ಕೆ ಯಾರು?"

ಓಡೀಲ್ ಕಾಫಿಗೆ ಸಕ್ಕರೆ ಹಾಕಿ ನಿಧಾನವಾಗಿ ಕಲಕಿದಳು. "ನಮ್ಮವರೇ. ಪ್ರೊಫೆಸರ್ ಹೋಲ್ಟ್ಸ್."

ವೀರ್ಲೆಗೆ ಕಿವಿಯನ್ನು ನಂಬಲಾಗಲಿಲ್ಲ. "ಅವರ ಅಧ್ಯಯನ ಪೀಠಕ್ಕೆ ದುಡ್ಡು ಕೊಡೋದೇ ಕೃತಕ ಕಲ್ಲು ತಯಾರಕರ ಸಂಘ."

"ಅದನ್ನ ಅವರು ಫಾರಂನಲ್ಲಿ ಬರೆದಿದಾರಲ್ಲ," ಎಂದಳು ಓಡೀಲ್, ಮಗುವಿಗೆ ತಿಳಿಹೇಳುವಂತೆ. "ಅವರದು ಪಾರದರ್ಶಕ. ನಿಮ್ಮದು ಅಲ್ಲ."

ನೋಡಿ, ಹೀಗಿದೆ ನ್ಯಾಯ. ಕಲ್ಲು ಮಾರುವವರ ದುಡ್ಡು ತಿಂದು, ತಿಂದೆ ಅಂತ ಬರೆದುಕೊಟ್ಟವನು ಶುದ್ಧ. ಅದೇ ಕಲ್ಲಿಗೆ ತಮ್ಮನ ಉಸಿರು ಕೊಟ್ಟವಳು ಕಳಂಕಿತೆ. ಇದನ್ನು ಹೇಳುವವರು ಕಾಫಿ ಕುಡಿಯುತ್ತಾ, ಸಮಾಧಾನದ ದನಿಯಲ್ಲಿ ಹೇಳುತ್ತಾರೆ. ದನಿ ಏರಿಸಿದರೆ ತಪ್ಪು ನಮ್ಮದೇ.

'ತಮ್ಮನ ವಿಷಯ ಇವರಿಗೆ ಹೇಳಿದ್ದು ಯಾರು?'

ಯೋಚಿಸಬೇಕಾಗಿಯೇ ಇರಲಿಲ್ಲ. ಅವಳು ಆ ಮಾತನ್ನು ಹೇಳಿದ್ದು ಒಬ್ಬನೇ ಒಬ್ಬನಿಗೆ.

ಬ್ಲಾಜ್ ತನ್ನ ಕಿರಿದಾದ ಕೋಣೆಯಲ್ಲಿ ಕಾಗದಗಳ ನಡುವೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. "ಈಗಷ್ಟೇ ಗೊತ್ತಾಯ್ತು, ವೀರ್ಲೆ. ನಾನು..."

"ಸಾಕು ನಾಟಕ. ಬೆಂಚಿನ ಮೇಲೆ ಕೂರಿಸಿ ಬಾಯಿ ಬಿಡಿಸಿದ್ದು ಇದಕ್ಕೇನಾ?"

"ಏನು?"

"ನನ್ನ ತಮ್ಮನ್ನ ಎಷ್ಟಕ್ಕೆ ಮಾರಿದ್ರಿ? ಮುಂದಿನ ಕೆಲಸ ಕಲ್ಲಿನ ಸಂಘದಲ್ಲೇ ಗ್ಯಾರಂಟಿನಾ? ಇಲ್ಲಿಂದ ಎದ್ದು ಅಲ್ಲಿಗೆ ಹೋಗೋರೇ ತಾನೆ ನೀವೆಲ್ಲ?"

ಬ್ಲಾಜ್ ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟ. "ನಿಮ್ಮ ತಮ್ಮನ ವಿಷಯ ನಾನು ಕೋಬಾಲ್ ಮೇಡಂಗೂ ಹೇಳಿಲ್ಲ," ಎಂದ. "ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು."

ಅವಳು ನಂಬಲಿಲ್ಲ. ಬಾಗಿಲು ಬಡಿದು ಹೊರಟಳು.

ಕ್ಯಾಂಟೀನಿನ ಮೂಲೆಯಲ್ಲಿ ಕೂತು ಪೂರ್ತಿ ಅತ್ತ ಮೇಲೆ, ಮೇಲಿನವರಿಗೊಂದು ಖಾರವಾದ ಉತ್ತರ ಬರೆಯೋಣವೆಂದು ಬೆಳಗಿನ ಪತ್ರವನ್ನು ಮತ್ತೆ ತೆರೆದಳು. ಆಗ ಕಂಡಿತು... ಪತ್ರದ ಜೊತೆಗೊಂದು ಚಿತ್ರವಿತ್ತು. ಕೋಪದಲ್ಲಿ ಅದನ್ನು ಅವಳು ತೆರೆದೇ ಇರಲಿಲ್ಲ.

ಅವಳದೇ ವರದಿಯ ಕೊನೆಯಲ್ಲಿದ್ದ ಕೃತಜ್ಞತೆಯ ಪುಟ. ಹಳದಿ ಶಾಯಿಯಲ್ಲಿ ಗುರುತು ಮಾಡಿದ್ದ ಒಂದು ಸಾಲು: 'ಕಲ್ಲು ಕೊಯ್ದು ಉಸಿರು ಕಳೆದುಕೊಂಡ ನನ್ನ ತಮ್ಮ ಯೆಲ್ಲೆಗೆ.' ಪಕ್ಕದಲ್ಲಿ ಟಿಪ್ಪಣಿ: 'ಪ್ರೊ. ಹೋಲ್ಟ್ಸ್ ಗಮನಕ್ಕೆ ತಂದಿದ್ದಾರೆ.'

ತಾನೇ ಬರೆದದ್ದು. ಮೂರು ವರ್ಷದ ಹಿಂದೆ, ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆದು ಮರೆತದ್ದು. ಯಾರಿಗೂ ಹೇಳಿಲ್ಲ ಎಂದುಕೊಂಡಿದ್ದನ್ನು ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ್ದಳು.

ಮತ್ತೆ ಬ್ಲಾಜ್... ಕೊನೆಯ ಪುಟದವರೆಗೂ ಓದಿದವನು! ಜೂರ್ದಾ ಚೌಕದಲ್ಲಿ ಅವಳು ಹೇಳುವ ಮೊದಲೇ ಅವನಿಗೆ ಗೊತ್ತಿತ್ತು. ಅವಳಾಗಿ ಹೇಳಲಿ ಎಂದು ಸುಮ್ಮನಿದ್ದ.

ನಾಚಿಕೆಯಿಂದ ಅವಳಿಗೆ ಭೂಮಿಗೆ ಇಳಿದುಹೋದಂತಾಯಿತು. ವಿಚಾರಣೆಗೆ ಇನ್ನು ನಲವತ್ತು ನಿಮಿಷ ಬಾಕಿಯಿತ್ತು.

ಅಲ್ಲೇ ಬಿದ್ದಿದ್ದ ಕಾರ್ಯಸೂಚಿಯ ಹಾಳೆ ಎಳೆದುಕೊಂಡು ಹಿಂಬದಿಯಲ್ಲಿ ಬರೆಯತೊಡಗಿದಳು. ಹೋಲ್ಟ್ಸ್ ಅವರ ಅಧ್ಯಯನ ಅವಳಿಗೆ ಬಾಯಿಪಾಠವಾಗಿತ್ತು. ಅದರ ಅನುಬಂಧದಲ್ಲಿ ಏನಿದೆ ಎಂಬುದೂ ಗೊತ್ತಿತ್ತು.

ಮತ್ತೆ ಅದೇ ಬಾಗಿಲು. ಈ ಸಲ ತಟ್ಟಿ ಒಳಗೆ ಹೋದಳು.

"ಕ್ಷಮೆ ಆಮೇಲೆ ಕೇಳ್ತೀನಿ. ಕೇಳಲೇಬೇಕು, ಗೊತ್ತು. ಮೊದಲು ಇದನ್ನ ನೋಡಿ."

ಬ್ಲಾಜ್ ಅವಳ ಮುಖ ನೋಡಲಿಲ್ಲ. ಹಾಳೆ ತೆಗೆದುಕೊಂಡು ಓದಿದ. ಪೆನ್ಸಿಲ್ ಎತ್ತಿದ.

"ಹೋಲ್ಟ್ಸ್‌ಗೆ ಪ್ರಶ್ನೆ ಕೇಳೋಕೆ ಮೇಡಂಗೆ ಸಿಗೋದು ಒಂದು ನಿಮಿಷ. ಅರವತ್ತೊಂದನೇ ಸೆಕೆಂಡಿಗೆ ಮೈಕ್ ಬಂದ್ ಮಾಡ್ತಾರೆ. ಇದು ನಾಲ್ಕು ನಿಮಿಷ ಇದೆ."

"ಹೊಡೆದುಹಾಕಿ."

"ಎಲ್ಲಾ?"

"ಒಂದು ಪ್ರಶ್ನೆ ಬಿಟ್ಟು ಎಲ್ಲಾ."

ಇಬ್ಬರೂ ಒಂದೇ ಹಾಳೆಯ ಮೇಲೆ ಬಗ್ಗಿ ಗೀಟು ಎಳೆದರು. ಇನ್ನೂರ ಹನ್ನೆರಡು ಪುಟ ಎರಡು ಸಾಲಿಗೆ ಇಳಿಯಿತು. 'ಬಹುಶಃ' ಎಂಬುದನ್ನು ಈ ಸಲ ಅವಳೇ ಹೊಡೆದುಹಾಕಿದಳು.

ಸಭಾಂಗಣದಲ್ಲಿ ವೀರ್ಲೆ ಸಾರ್ವಜನಿಕರ ಸಾಲಿನಲ್ಲಿ ಕೂತಳು. ಅಲ್ಲಿ ಕೂತವರು ಬಾಯಿ ತೆರೆಯುವಂತಿಲ್ಲ. ಹೋಲ್ಟ್ಸ್ ಐದು ನಿಮಿಷ ಸೊಗಸಾಗಿ ಮಾತಾಡಿದರು. ಈಗಿನ ಮಿತಿ ಸಾಕು; ಇನ್ನಷ್ಟು ಸಂಶೋಧನೆ ಬೇಕು; ಅವಸರ ಬೇಡ.

ಕೋಬಾಲ್ ಮೈಕ್ ಒತ್ತಿದರು.

"ಪ್ರೊಫೆಸರ್, ನಿಮ್ಮದೇ ಅಧ್ಯಯನದ ಅನುಬಂಧದಲ್ಲಿ ಈಗಿನ ಮಿತಿಯೊಳಗೇ ಕೆಲಸ ಮಾಡಿದ ನಲವತ್ತು ಜನ ಇದ್ದಾರೆ. ಅವರಲ್ಲಿ ಎಷ್ಟು ಜನರ ಶ್ವಾಸಕೋಶ ಕೆಟ್ಟಿದೆ?"

"ಅದಕ್ಕೆ ಸ್ವಲ್ಪ ಹಿನ್ನೆಲೆ ಬೇಕಾಗತ್ತೆ ಮೇಡಂ, ಅವರಲ್ಲಿ ಸಿಗರೇಟು ಸೇದೋರು..."

"ಸಂಖ್ಯೆ ಹೇಳಿ ಸಾಕು."

ಹೋಲ್ಟ್ಸ್ ನೀರು ಕುಡಿದರು. "ಹದಿನಾಲ್ಕು."

ಭಾಷಾಂತರಕಾರರ ಗಾಜಿನ ಕೋಣೆಗಳಿಂದ ಆ ಸಂಖ್ಯೆ ಒಂದೊಂದು ಭಾಷೆಯಲ್ಲಿ ಒಂದೊಂದು ಕ್ಷಣ ತಡವಾಗಿ ಕಿವಿಗಳಿಗೆ ತಲುಪಿತು. ಮೊಬೈಲ್ ನೋಡುತ್ತಿದ್ದ ತಲೆಗಳು ಒಂದಾದ ಮೇಲೊಂದು ಮೇಲೆದ್ದವು. ಓಡೀಲ್ ತನ್ನ ಕಾಗದಗಳನ್ನು ಜೋಡಿಸಿಕೊಳ್ಳತೊಡಗಿದಳು.

ಹೊರಗೆ ಬಂದಾಗ ಬ್ಲಾಜ್ ಲಿಫ್ಟಿನ ಬಳಿ ನಿಂತಿದ್ದ. ವೀರ್ಲೆ ಓಡಿಹೋದಳು.

"ಬ್ಲಾಜ್, ನಾನು ಆಡಿದ ಮಾತು..."

"ಇವತ್ತು ಬೇಡ," ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ಇವತ್ತು ನೀವು ಕ್ಷಮೆ ಕೇಳಿದ್ರೆ ನಾನು ಪರವಾಗಿಲ್ಲ ಅಂದುಬಿಡ್ತೀನಿ. ಅದು ಸುಳ್ಳಾಗತ್ತೆ."

ಲಿಫ್ಟಿನ ಬಾಗಿಲು ಮುಚ್ಚಿತು.

ಮೂರು ವಾರದ ನಂತರ ಸಮಿತಿಯಲ್ಲಿ ಮತದಾನವಾಯಿತು. ಮಿತಿಯನ್ನು ಅರ್ಧಕ್ಕೆ ಇಳಿಸುವ ಮಸೂದೆ ಎರಡು ಮತಗಳ ಅಂತರದಲ್ಲಿ ಗೆದ್ದಿತು. ವಿಶ್ವವಿದ್ಯಾಲಯ ಅದೇ ದಿನ ತನ್ನ ಜಾಲತಾಣದಲ್ಲಿ ಹೆಮ್ಮೆಯಿಂದ ಘೋಷಿಸಿಕೊಂಡಿತು: 'ನಮ್ಮ ಸಂಶೋಧನೆ ಯುರೋಪಿನ ಕಾನೂನನ್ನು ಬದಲಿಸಿತು.' ಜೊತೆಗೆ ಫೋಟೋ. ಕೋಬಾಲ್ ನಗುತ್ತಿದ್ದರು, ವೀರ್ಲೆ ನಗುತ್ತಿರಲಿಲ್ಲ. ಅದನ್ನು ನೋಡಿ ಅವಳಿಗೆ ಮೊಬೈಲ್ ಗೋಡೆಗೆ ಎಸೆಯಬೇಕೆನಿಸಿತು.

ಎಸೆಯುವ ಬದಲು ಅವಳು ಬ್ಲಾಜ್‌ಗೆ ಬರೆದಳು. 'ನಾನು ನಿಮ್ಮ ಮೇಲೆ ಹೊರಿಸಿದ್ದು ಸುಳ್ಳು. ಕೇಳಿ ತಿಳಿಯೋ ತಾಳ್ಮೆ ನನಗಿರಲಿಲ್ಲ. ತಪ್ಪಾಯ್ತು. ಭಾನುವಾರ ಹನ್ನೆರಡರ ರೈಲಿಗೆ ಕೋರ್ಟ್ರೈಕ್‌ಗೆ, ಯೆಲ್ಲೆ ಮನೆಗೆ ಹೋಗ್ತಿದೀನಿ. ನಿಮ್ಮನ್ನ ನೋಡಬೇಕಂತೆ.'

ಉತ್ತರ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಕೋರ್ಟ್ರೈಕ್ ನಿಲ್ದಾಣದಲ್ಲಿ ಅವಳು ರೈಲಿಳಿದಾಗ, ಅದೇ ರೈಲಿನ ಹಿಂದಿನ ಡಬ್ಬಿಯಿಂದ ಬ್ಲಾಜ್ ಇಳಿದ. ಗಡ್ಡ ತೆಗೆದಿದ್ದ.

"ಮೇಡಂ ಕಳಿಸಿದ್ರಾ?" ಎಂದು ಕೇಳಿದಳು, ಬೇರೇನೂ ತೋಚದೆ.

"ಇಲ್ಲ," ಎಂದ ಬ್ಲಾಜ್. "ನಾನೇ ಬಂದೆ."

ಯೆಲ್ಲೆ ಆಮ್ಲಜನಕದ ಕೊಳವೆ ಮೂಗಿಗೆ ಸಿಕ್ಕಿಸಿಕೊಂಡು ಕಿಟಕಿಯ ಪಕ್ಕ ಕೂತಿದ್ದ. ಬ್ಲಾಜ್‌ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ನೀವೇನಾ? ಅಕ್ಕ ಫೋನ್ ಮಾಡಿದಾಗೆಲ್ಲ ಬೈತಿದ್ದಿದ್ದು... ನಿಮ್ಮನ್ನೇನಾ?"

"ಯೆಲ್ಲೆ, ಬಾಯಿ ಮುಚ್ಕೊಳೋ."

"ದಿನಾ ಬೈತಿದ್ಲು. ಆಮೇಲೆ ಮೂರು ವಾರ ಹೆಸರೇ ಎತ್ತಲಿಲ್ಲ. ಆಗ ಗೊತ್ತಾಯ್ತು, ಏನೋ ಆಗಿದೆ ಅಂತ." ಯೆಲ್ಲೆ ಉಸಿರಿಗಾಗಿ ತಡೆದ. "ಇರ್ಲಿ. ಈ ಕಾನೂನು... ಯಾವಾಗಿಂದ?"

ಬ್ಲಾಜ್ ಸುತ್ತುಬಳಸಲಿಲ್ಲ. "ಇನ್ನೂ ಎರಡು ಮೆಟ್ಟಿಲು ದಾಟಬೇಕು, ಇಡೀ ಸಂಸತ್ತು, ಆಮೇಲೆ ಎಲ್ಲಾ ದೇಶಗಳ ಮಂತ್ರಿಗಳು. ದಾಟಿದರೂ ಕಾರ್ಖಾನೆಗೆ ಬರೋಕೆ ಮೂರು ವರ್ಷ."

"ಮೂರು ವರ್ಷ." ಯೆಲ್ಲೆ ಕಿಟಕಿಯಾಚೆ ನೋಡಿದ. "ನನ್ನ ಮೆಷೀನ್ ಮುಂದೆ ಈಗ ಒಬ್ಬ ಬಲ್ಗೇರಿಯಾದವನು ನಿಂತಿದಾನೆ. ಎರಡು ಹೆಣ್ಮಕ್ಕಳು. ಅವನು ಇನ್ನೂ ಮೂರು ವರ್ಷ ಅದೇ ಧೂಳು ಕುಡೀಬೇಕಾ?"

ಸ್ವಲ್ಪ ಹೊತ್ತಿನಲ್ಲಿ ಯೆಲ್ಲೆ ಕೂತಲ್ಲೇ ನಿದ್ದೆ ಹೋದ.

ವೀರ್ಲೆ ಅಡುಗೆಮನೆಗೆ ಬಂದು ಎರಡೂ ಕೈಯನ್ನು ಕಟ್ಟೆಗೆ ಊರಿ ನಿಂತಳು. ಬ್ಲಾಜ್ ಹಿಂದೆಯೇ ಬಂದ.

"ಗೆದ್ವಿ ಅಂತ ಎಲ್ರೂ ಕೇಕ್ ಕತ್ತರಿಸಿದ್ರು," ಎಂದಳು ಹಲ್ಲು ಕಚ್ಚಿ. "ಮೂರು ವರ್ಷದಲ್ಲಿ ಎಷ್ಟು ಜನ ಹೋಗ್ತಾರೆ ಅಂತ ಲೆಕ್ಕ ಹಾಕೋಕೆ ನನಗೆ ಬರತ್ತೆ, ಬ್ಲಾಜ್. ನಿಮಗೆ ಕೋಪಾನೇ ಬರಲ್ವಾ?"

"ಬರತ್ತೆ." ಬ್ಲಾಜ್ ಅಡುಗೆಮನೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ. "ಆರು ವರ್ಷದಿಂದ ದಿನಾ ಬರ್ತಿದೆ. ಸಂಜೆ ಮನೆಗೆ ಹೋಗಿ ಒಬ್ಬನೇ ಕೂತು ಕೋಪ ಮಾಡ್ಕೊಳ್ತೀನಿ. ಬೆಳಿಗ್ಗೆ ಟೈ ಕಟ್ಕೊಂಡು ಮತ್ತೆ ಹೋಗ್ತೀನಿ." ಸ್ವಲ್ಪ ತಡೆದು ಹೇಳಿದ, "ಒಬ್ಬನೇ ಕೋಪ ಮಾಡ್ಕೊಂಡು ಸಾಕಾಗಿದೆ, ವೀರ್ಲೆ."

ಅವಳು ತಿರುಗಿ ಅವನನ್ನು ನೋಡಿದಳು.

"ನನ್ನ ಕೋಪ ನೋಡಿದೀಯಲ್ಲ," ಎಂದಳು. 'ನೀವು' ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. "ಬಾಗಿಲು ಬಡಿತೀನಿ. ಸುಳ್ಳು ಆರೋಪ ಹೊರಿಸ್ತೀನಿ."

"ನೋಡಿದೀನಿ. ಆಮೇಲೆ ಬಾಗಿಲು ತಟ್ಟಿ ಬಂದಿದ್ದನ್ನೂ ನೋಡಿದೀನಿ."

"ಜೀವನಪೂರ್ತಿ ತಡ್ಕೊಳ್ತೀಯಾ?"

ಬ್ಲಾಜ್ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ತಡ್ಕೊಳ್ಳೋದು ಯಾಕೆ? ನಾಳೆ ಒಂಬತ್ತಕ್ಕೆ ಮಂತ್ರಿಗಳ ಕಡೆಯವರು ಸಿಗ್ತಾರೆ. ಮೂರು ವರ್ಷನ ಒಂದು ವರ್ಷ ಮಾಡಿ ಅಂತ ಕೇಳಬೇಕು. ನೀನೂ ಬಾ... ಕೋಪ ತಗೊಂಡೇ ಬಾ."