ಅದ್ನಮಾತನ ಸಾಕ್ಷ್ಯ

ಆಲ್ಪ್ಸ್ ಪರ್ವತದ ಹಿಮಶಿಖರಗಳ ಮೇಲೆ ಎಳೆಬಿಸಿಲು ಹೊನ್ನೆರಚುತ್ತಿದ್ದ ಹೊತ್ತಿನಲ್ಲಿ, ರೋಮ್ ಸಾಮ್ರಾಜ್ಯದ ನೋರಿಕ ಪ್ರಾಂತದ ರಾಜಧಾನಿಯಾದ ವಿರೂನ ನಗರವು ಸ್ತಬ್ಧವಾಗಿ ನಿಂತಿತ್ತು. ಉಕ್ಕಿನ ಗಟ್ಟಿಗಳನ್ನು ಹೊತ್ತ ಹೇಸರಗತ್ತೆಗಳೂ ದ್ರಾಕ್ಷಾರಸ ತಂದ ದಕ್ಷಿಣದ ವರ್ತಕರೂ ಚೌಕದ ಅಂಚಿನಲ್ಲೇ ತಡೆದು ನಿಂತಿದ್ದರು. ನಡುವೆ ರಾಜಭಟರು ಹದಿನೇಳು ವಧಸ್ತಂಭಗಳಿಗೆ ಗುಂಡಿ ತೋಡುತ್ತಿದ್ದರು.

ಗಣಿಗಳ ಮುಖ್ಯಸ್ಥನಾದ ವೃದ್ಧ ಅದ್ನಮಾತನಿಗೆ ಆ ಗುದ್ದಲಿಯ ಸದ್ದು ಎದೆಗೇ ಬಡಿದಂತಾಗುತ್ತಿತ್ತು. ಡ್ಯಾನ್ಯೂಬ್ ನದಿಯ ದಡದಲ್ಲಿ ಗಡಿಪಡೆ ತಡೆದ ಉಪ್ಪಿನ ಬಂಡಿಗಳ ತಳದಲ್ಲಿ, ಶತ್ರುಗಳಿಗೆಂದು ಹೊರಟಿದ್ದ ಉಕ್ಕು ಸಿಕ್ಕಿತ್ತು. ಸೆರೆಸಿಕ್ಕ ಹದಿನೇಳು ಬಂಡಿಕಾರರೂ ಅವನ ಗಣಿಯವರು; ಅವರಲ್ಲೊಬ್ಬ ಅವನ ಅಳಿಯ ರೆಸ್ಸಿಮಾರ. ಉಪಾಧಿಪತಿ ಹಿಲಾರನ ಸೇವಕರು ಉಗ್ರಾಣದಲ್ಲಿ ತುಂಬಿ ಹೊಲಿದ ಚೀಲಗಳನ್ನು ಸಾಗಿಸಿದ್ದಷ್ಟೇ ಅವರ ಅಪರಾಧ. ಆದರೆ ಬಂಡಿಕಾರರ ಮಾತಿಗೆ ಬೆಲೆಯೆಲ್ಲಿ? ರಹದಾರಿ ಪತ್ರಕ್ಕೆ ಒತ್ತಿದ್ದ ತನ್ನ ಮುದ್ರೆಯನ್ನು ಅವರೇ ಕದ್ದಿದ್ದರೆಂದು ಹಿಲಾರನು ಚಕ್ರವರ್ತಿಯ ವಿಚಾರಣಾಧಿಕಾರಿ ವರೇನನನ್ನು ನಂಬಿಸಿದ್ದನು.

ಅರಮನೆಯ ಮೆಟ್ಟಿಲ ಬಳಿ ಮಗಳು ಬನೋನಾ ತಂದೆಯ ಕೈ ಹಿಡಿದಳು.

“ಅಪ್ಪಾ, ಏನಾದರೂ ದಾರಿಯಿದೆಯೇ?”

“ಹಿಲಾರನ ಆಜ್ಞೆಯನ್ನು ಕಿವಿಯಾರೆ ಕೇಳಿದ, ಪಾಪದಲ್ಲಿ ಪಾಲುಗೊಂಡ ಒಬ್ಬ ಬೇಕು, ಮಗಳೇ. ಅಂಥವನ ಮಾತನ್ನಷ್ಟೇ ಅವರು ನಂಬುವುದು.”

“ಅಂಥವನು ಎಲ್ಲಿದ್ದಾನೆ?”

ಅವನು ಅವಳ ಕೈ ಬಿಡಿಸಿಕೊಂಡು ಮೆಟ್ಟಿಲೇರಿದನು.

ಸಭಾಮಂಟಪದಲ್ಲಿ ವರೇನನ ಮುಂದೆ ತಲೆಬಾಗಿ ನುಡಿದನು: “ಮಹಾಪ್ರಭುಗಳೇ, ಆ ಉಕ್ಕನ್ನು ಉಪ್ಪಿನಡಿಯಲ್ಲಿ ಅಡಗಿಸಿದವನು ನಾನು. ಉಗ್ರಾಣದಲ್ಲಿ, ನನ್ನ ಕಣ್ಣೆದುರಿಗೆ, ಈ ಹಿಲಾರಪ್ರಭುಗಳೇ ರಹದಾರಿಗೆ ಮುದ್ರೆಯೊತ್ತಿದರು. ಬಂಡಿಕಾರರಿಗೆ ಏನೂ ತಿಳಿಯದು.”

“ಈ ಮಾತಿಗೆ ನಿನಗೆ ದೊರೆಯುವುದು ಮರಣದಂಡನೆ. ಬಲ್ಲೆಯಾ?”

“ಬಲ್ಲೆ, ಪ್ರಭು. ಸಾಯುವ ಮುದುಕನು ಸುಳ್ಳು ಹೇಳಿ ಗಳಿಸುವುದೇನಿದೆ?”

ಹಿಲಾರನು ಧಿಗ್ಗನೆದ್ದನು. ಈ ಮುದುಕ ಅಂದು ಉಗ್ರಾಣದಲ್ಲಿರಲೇ ಇಲ್ಲವೆಂಬುದನ್ನು ಆ ಸಭೆಯಲ್ಲಿ ಬಲ್ಲವನು ಅವನೊಬ್ಬನೇ. ಹಾಗೆಂದು ಸಾರಬೇಕಾದರೆ ಅಂದು ಅಲ್ಲಿ ಯಾರಿದ್ದರೆಂಬುದನ್ನೂ ಹೇಳಬೇಕಿತ್ತು. ತೆರೆದ ಬಾಯಿ ತೆರೆದಂತೆಯೇ ಉಳಿಯಿತು. ಆ ಬಿಳಿಚಿದ ಮುಖವನ್ನು ವರೇನನು ಬಹಳ ಹೊತ್ತು ದಿಟ್ಟಿಸಿ, ಇಬ್ಬರಿಗೂ ಸಂಕೋಲೆ ತೊಡಿಸುವಂತೆ ಭಟರಿಗೆ ಆಜ್ಞಾಪಿಸಿದನು.

ಮಧ್ಯಾಹ್ನ ಬಂಡಿಕಾರರ ಬಿಡುಗಡೆಯಾಯಿತು. ಚೌಕದಲ್ಲಿ ಎದುರಾದ ಅದ್ನಮಾತನನ್ನು ಕಂಡು ರೆಸ್ಸಿಮಾರನು, “ದ್ರೋಹಿ! ನಮ್ಮನ್ನೇ ಬಲಿಕೊಡಲು ಹೊರಟಿದ್ದೆಯಲ್ಲ!” ಎಂದು ಉಗಿದನು. ವೃದ್ಧನು ಕಣ್ಣು ಮುಚ್ಚಿಕೊಂಡನು.

ಬನೋನಾ ಓಡಿಬಂದು ಅವನ ಪಾದ ಹಿಡಿದು ಪಿಸುಗುಟ್ಟಿದಳು: “ನೀವು ಅಂದು ಬೆಟ್ಟದ ಮೇಲೆ ನನ್ನ ಮನೆಯಲ್ಲಿದ್ದಿರಿ, ಅಪ್ಪಾ! ಈಗಲೇ ಕೂಗಿ ಹೇಳುತ್ತೇನೆ!”

“ಹೇಳಿದರೆ ನಿನ್ನ ಗಂಡ ಮತ್ತೆ ಸೆರೆಗೆ ಹೋಗುತ್ತಾನೆ,” ಎಂದನು ಅವನು ಮೆಲ್ಲಗೆ. “ಹಿಲಾರನ ದಂಡನೆ ಮುಗಿದು ವರೇನಪ್ರಭುಗಳು ಕಣಿವೆ ದಾಟಲಿ. ಅಲ್ಲಿಯವರೆಗೆ ನಾನು ದ್ರೋಹಿಯಾಗಿಯೇ ಇರುತ್ತೇನೆ.”

ಅವಳು ತುಟಿ ಕಚ್ಚಿಕೊಂಡಳು. ತಂದೆಯನ್ನು ಕೊಂದ ದಿನವೂ, ಊರವರು ಅವನ ಹೆಸರಿಗೆ ಶಾಪ ಹಾಕಿದ ಒಂಬತ್ತು ದಿನಗಳೂ ಅವಳು ಒಂದು ಮಾತನ್ನೂ ಆಡಲಿಲ್ಲ. ಹತ್ತನೆಯ ದಿನ ಹಿಲಾರನ ದಂಡನೆಯೂ ಮುಗಿದು, ರಾಜಪರಿವಾರದ ಕೊನೆಯ ಕುದುರೆ ಹಿಮದ ಆಚೆಗೆ ಮರೆಯಾದ ಮೇಲೆ, ಗಂಡನನ್ನು ಎದುರು ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ರೆಸ್ಸಿಮಾರನು ಎದ್ದು, ಉಳಿದ ಹದಿನಾರು ಮಂದಿ ಬಂಡಿಕಾರರ ಮನೆಬಾಗಿಲು ತಟ್ಟಿ, ಅವರೊಂದಿಗೆ ಬರಿಗಾಲಿನಲ್ಲಿ ಅದ್ನಮಾತನ ಸಮಾಧಿಯತ್ತ ನಡೆದನು.