ಗೈತಾ ಬಿಟ್ಟುಬಿಟ್ಟ ಕೊನೆಯ ಪುಟ

ಭೂಮಿಗೆ ಇನ್ನೂ ಅಂಚು ಇದ್ದ ಕಾಲವದು. ಆ ಅಂಚಿಗೆ ಹತ್ತಿರದ ಕಡಲ ತೀರದಲ್ಲಿ ಮರಿನೋಲ ಎಂಬ ರಾಜ್ಯವಿತ್ತು. ಅಲ್ಲಿನ ದೊರೆ ಗ್ರಿಮೋಗೆ ಊಟ ಇಲ್ಲದಿದ್ದರೂ ನಡೆಯುತ್ತಿತ್ತು, ಕತೆ ಇಲ್ಲದಿದ್ದರೆ ನಡೆಯುತ್ತಿರಲಿಲ್ಲ. ಅದರಲ್ಲೂ ಲೋಕವನ್ನೆಲ್ಲ ಗೆದ್ದ ಒಬ್ಬ ಪ್ರಾಚೀನ ದೊರೆಯ ಕತೆಯೆಂದರೆ ಅವನಿಗೆ ಪ್ರಾಣ. ಜನ ಆ ಪ್ರಾಚೀನ ದೊರೆಯನ್ನು ದಿಗ್ವಿಜಯಿ ಎಂದು ಕರೆಯುತ್ತಿದ್ದರು.

ಒಮ್ಮೆ ಪೂರ್ವದಿಂದ ಬಂದ ಹಡಗಿನಲ್ಲಿ ದಿಗ್ವಿಜಯಿಯ ಕತೆಯ ಪುಸ್ತಕವೇ ಬಂತು. ಆದರೆ ಅದು ಗ್ರೀಕ್ ಭಾಷೆಯಲ್ಲಿತ್ತು. ಅರಮನೆಯವರಿಗೆ ಗೊತ್ತಿದ್ದದ್ದು ಲ್ಯಾಟಿನ್ ಮಾತ್ರ. ಎರಡನ್ನೂ ಚೆನ್ನಾಗಿ ಬಲ್ಲವಳು ಗೈತಾ. ಅವಳ ಅಪ್ಪ ಬಂದರಿನಲ್ಲಿ ದುಭಾಷಿಯಾಗಿದ್ದ. ಅವನು ತೀರಿಕೊಂಡ ಮೇಲೆ ತಮ್ಮ ಉರ್ಸೋನನ್ನು ಸಾಕಿ ಬೆಳೆಸಿದವಳು ಅವಳೇ.

"ಇದನ್ನು ಲ್ಯಾಟಿನ್‌ಗೆ ಇಳಿಸಿಕೊಡು ತಾಯೀ," ಎಂದ ದೊರೆ. "ಹಗಲು ಬರೆದಷ್ಟನ್ನು ಸಂಜೆ ಸಭೆಗೆ ಓದು. ಸಭೆ ಮೆಚ್ಚಿದರೆ ಆ ಪುಟ ಉಳಿಯಲಿ, ಮೆಚ್ಚದಿದ್ದರೆ ತಿದ್ದಿ ಬರಿ. ನಮ್ಮಲ್ಲಿ ಮೊದಲಿನಿಂದಲೂ ಅದೇ ಪದ್ಧತಿ."

ಎಡವಟ್ಟಾದದ್ದು ಅಲ್ಲೇ. ಗ್ರೀಕ್ ಪುಸ್ತಕದಲ್ಲಿ ಮರಳುಗಾಡಿನ ಇರುವೆಗಳು ನರಿಯಷ್ಟು ದೊಡ್ಡವು. ಗೈತಾ ಹಾಗೇ ಓದಿದಳು. ಸೇನಾಪತಿ ಆಕಳಿಸಿದ. "ನರಿಯಷ್ಟೇನಾ?" ಎಂದು ರಾಣಿ ಮುಖ ಸಿಂಡರಿಸಿದಳು. ಮಾರನೆಯ ದಿನ ಗೈತಾ ಇರುವೆಗಳನ್ನು ಕುದುರೆಯಷ್ಟು ಮಾಡಿದಳು. ಸಭೆ ಚಪ್ಪಾಳೆ ತಟ್ಟಿತು! ಹೊಗಳಿಕೆಯ ರುಚಿ ಹತ್ತಿದ ಕೈ ಸುಮ್ಮನಿರುತ್ತದೆಯೇ? ದೋಣಿಯಷ್ಟಿದ್ದ ನದಿಯ ಮೃಗ ಗುಡ್ಡದಷ್ಟಾಯಿತು. ಕೊನೆಯ ಪುಟದಲ್ಲಿ ದಿಗ್ವಿಜಯಿ ಜ್ವರ ಬಂದು ಸಾಯುತ್ತಾನೆ. "ಬೇಡ, ಅವನು ಸಾಯಕೂಡದು," ಎಂದು ದೊರೆ ಚಿಕ್ಕ ಮಗುವಿನಂತೆ ಹಟ ಹಿಡಿದ. ಗೈತಾ ಆ ಪುಟವನ್ನೇ ಬಿಟ್ಟು, 'ಅವನಿಗೆ ಸಾವೇ ಇಲ್ಲ' ಎಂದು ಬರೆದು ಕತೆ ಮುಗಿಸಿದಳು.

ಅವಳಿಗೆ ಮಸಿ ಅರೆದು ಕೊಡುತ್ತಿದ್ದವನು ಆಸ್ಥಾನದ ಮಾಂತ್ರಿಕ ಬರ್ದಾಸ. ಕತೆಯ ನಡುವೆ ಒಂದು ದಿನ ಅವನು ಬೆಣ್ಣೆಯಂಥ ಮಾತಿನಲ್ಲಿ, "ನನ್ನ ಹೆಸರನ್ನೂ ಒಂದು ಕಡೆ ಸೇರಿಸಮ್ಮ, ದಿಗ್ವಿಜಯಿಯ ಮಂತ್ರಿ ಅಂತ. ನಿನ್ನ ಗಂಟೇನು ಹೋಗುತ್ತದೆ?" ಎಂದಿದ್ದ. ಅವಳು ಸೇರಿಸಿದ್ದಳು. ಆದರೆ ಅದು ಮಾಯೆಯ ಮಸಿ. ಅದರಲ್ಲಿ ಬರೆದದ್ದೆಲ್ಲ ಪುಸ್ತಕ ಮುಗಿದ ದಿನ ಜೀವ ತಳೆಯುತ್ತಿತ್ತು. ಹಾಗೆ ಜೀವ ತಳೆದದ್ದು ಬರೆದವರ ನಿಜವಾದ ಮಾತಿಗೆ ಬಿಟ್ಟು ಬೇರೆ ಯಾವುದಕ್ಕೂ ಬಗ್ಗುತ್ತಿರಲಿಲ್ಲ. ಇದು ಗೈತಾಳಿಗೆ ಗೊತ್ತಿರಲಿಲ್ಲ.

ಪುಸ್ತಕ ಮುಗಿಯಿತು. ಬೆಳಗಾಗುವಷ್ಟರಲ್ಲಿ ಕುದುರೆಯಂಥ ಇರುವೆಗಳು ಕೋಟೆಯ ಬಾಗಿಲಲ್ಲಿ ನಿಂತಿದ್ದವು. ಅರಮನೆಯ ಕಂದಕದಲ್ಲಿ ಗುಡ್ಡದಂಥ ಮೃಗ ಮಲಗಿತ್ತು. ಸಿಂಹಾಸನದಲ್ಲಿ ದಿಗ್ವಿಜಯಿ ಕೂತಿದ್ದ, ಪಕ್ಕದಲ್ಲಿ ಬರ್ದಾಸ ಮಂತ್ರಿಯಾಗಿ ಮೀಸೆ ತಿರುವುತ್ತಿದ್ದ. ಕತೆಗಾಗಿ ಪ್ರಾಣ ಬಿಡುತ್ತಿದ್ದ ದೊರೆ ಗ್ರಿಮೋ ಅಡುಗೆಮನೆಯ ಹಿಟ್ಟಿನ ಮೂಟೆಗಳ ಹಿಂದೆ ಅಡಗಿದ್ದ.

"ನಾಳೆಯೇ ಲೋಕದ ಅಂಚಿಗೆ ದಂಡಯಾತ್ರೆ!" ಎಂದು ಬರ್ದಾಸ ಡಂಗುರ ಸಾರಿಸಿದ. "ಊರಿನ ಗಂಡುಹುಡುಗರೆಲ್ಲ ದಂಡಿಗೆ ಸೇರಬೇಕು."

ಸೈನಿಕರು ಬಂದು ಉರ್ಸೋನನ್ನೂ ಎಳೆದುಕೊಂಡು ಹೋದರು. ಸಾವಿಲ್ಲದವನ ದಂಡಯಾತ್ರೆಗೆ ಕೊನೆಯೆಲ್ಲಿ? ಹೋದ ಹುಡುಗರು ಮುದುಕರಾಗಿ ದಾರಿಯಲ್ಲೇ ಬಿದ್ದರೂ ಅವನು ಮುಂದೆ ನಡೆಯುತ್ತಲೇ ಇರುತ್ತಾನೆ. ಗೈತಾ ತಲೆ ಚಚ್ಚಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಗ್ರೀಕ್ ಪುಸ್ತಕವನ್ನು ಎದೆಗೆ ಅವುಚಿಕೊಂಡು ಅರಮನೆಗೆ ಹೊರಟಳು.

ಕೋಟೆಯ ಬಾಗಿಲಲ್ಲಿ ಒಂದು ಇರುವೆ ಕೊಡಲಿಯಂಥ ಬಾಯಿ ತೆರೆದು ಅವಳ ಮೇಲೆ ಬಂತು. ಗೈತಾಳಿಗೆ ಭಯಕ್ಕಿಂತ ಸಿಟ್ಟು ಹೆಚ್ಚಾಯಿತು.

"ಏನೇ ನಿನ್ನ ಜಂಭ!" ಎಂದು ಗದರಿದಳು. "ನೀನು ಇದ್ದದ್ದು ನರಿಯಷ್ಟು. ಕುದುರೆಯಷ್ಟು ಮಾಡಿದ್ದು ನಾನು!"

ಹಾಗೆಂದದ್ದೇ ತಡ, ಎಲ್ಲ ಇರುವೆಗಳೂ ಕುಗ್ಗಿ ನರಿಯಷ್ಟಾದವು. ನರಿಯಷ್ಟಿದ್ದರೂ ಇರುವೆ ಇರುವೆಯೇ ತಾನೇ? ಒಂದು ಅವಳ ಕಾಲು ಕಚ್ಚಿತು. ಗೈತಾ ಅದನ್ನು ಒದ್ದು, ಕುಂಟುತ್ತ ಮುಂದೆ ಓಡಿದಳು. ತನ್ನ ಮಾತಿಗೆ ಬಲವಿದೆ ಎಂದು ಈಗ ಅವಳಿಗೆ ತಿಳಿದಿತ್ತು.

ಕಂದಕದಲ್ಲಿ ಮೃಗ ತಲೆಯೆತ್ತಿತು.

"ನೀನು ದೋಣಿಯಷ್ಟಿದ್ದೆ," ಎಂದಳು ಗೈತಾ. ಮೃಗ ದೋಣಿಯಷ್ಟಾಯಿತು. ಆದರೂ ಹಲ್ಲು ಕಿರಿದು ಅವಳತ್ತ ಈಜಿ ಬಂತು. ಅವಳು ಗಡಬಡಿಸಿ ಪುಟ ತಿರುವಿದಳು. ಬೇಸರದ ಸಾಲೆಂದು ತಾನು ಹಾರಿಸಿದ್ದ ಒಂದು ಸಾಲು ಕಣ್ಣಿಗೆ ಬಿತ್ತು. "ಅಯ್ಯೋ, ನೀನು ಬರೀ ಹುಲ್ಲು ತಿನ್ನುವ ಪ್ರಾಣಿ!"

ಮೃಗಕ್ಕೆ ನಾಚಿಕೆಯಾಯಿತು. ಅದು ಬಾಯಿ ಮುಚ್ಚಿಕೊಂಡು, ಅವಳನ್ನು ಬೆನ್ನ ಮೇಲೆ ಆಚೆ ದಡಕ್ಕೆ ದಾಟಿಸಿ, ಅರಮನೆಯ ತೋಟದ ಹುಲ್ಲಿಗೆ ಬಾಯಿ ಹಾಕಿತು.

ಇನ್ನು ಉಳಿದವನು ದಿಗ್ವಿಜಯಿ. ಅವನ ಮುಂದೆ ಊರಿನ ಹುಡುಗರೆಲ್ಲ ಈಟಿ ಹಿಡಿದು ಸಾಲಾಗಿ ನಿಂತಿದ್ದರು. ಉರ್ಸೋಗೆ ಕೊಟ್ಟಿದ್ದ ಶಿರಸ್ತ್ರಾಣ ದೊಡ್ಡದಾಗಿ ಕಣ್ಣಿನವರೆಗೂ ಇಳಿದಿತ್ತು.

"ಅಕ್ಕಾ!" ಎಂದು ಅವನು ಕೂಗಿದ.

"ಅವಳ ಬಾಯಿ ಮುಚ್ಚಿಸಿ!" ಎಂದು ಬರ್ದಾಸ ಕಿರುಚಿದ.

"ಗ್ರೀಕ್ ಪುಸ್ತಕದಲ್ಲಿ ಬರ್ದಾಸ ಅನ್ನುವವನೇ ಇಲ್ಲ," ಎಂದಳು ಗೈತಾ. "ನಡುವೆ ತುರುಕಿದವಳು ನಾನು."

ತಾನಾಗಿ ಕತೆಯೊಳಗೆ ಹೊಕ್ಕವನು ಕತೆಯ ಕಟ್ಟಿನಿಂದ ತಪ್ಪಿಸಿಕೊಳ್ಳುವುದುಂಟೇ? ಮೊದಲು ಅವನ ಮೀಸೆ ಮಾಯವಾಯಿತು, ಆಮೇಲೆ ಜರತಾರಿ ಅಂಗಿ, ಕೊನೆಗೆ ಅವನ ಕಿರುಚಾಟ. ನೆಲದ ಮೇಲೆ ಒಂದಿಷ್ಟು ಮಸಿ ಉಳಿಯಿತು.

ದಿಗ್ವಿಜಯಿ ಎದ್ದು ನಿಂತ. ಅವನ ಮುಖದಲ್ಲಿ ಕೋಪವಿರಲಿಲ್ಲ. ಗೈತಾ ಮನಸ್ಸಿಟ್ಟು ಬರೆದಿದ್ದ ಮುಖವದು.

"ನನ್ನನ್ನು ಬರೆದವಳು ನೀನೇ ಅಲ್ಲವೇ?" ಎಂದು ಅವನು ಕೇಳಿದ. "ಗೆದ್ದ, ಗೆದ್ದ, ಗೆದ್ದ ಎಂದೇ ಬರೆದಿದ್ದೀಯ. ನನಗೆ ದಣಿವಾಗಿದೆ ತಾಯೀ. ಆದರೆ ನಿಲ್ಲಲು ಬರುವುದಿಲ್ಲ. ನನ್ನ ಕತೆಯ ಕೊನೆಯಲ್ಲಿ ಏನಿದೆ?"

"ಅದನ್ನು ಓದಿದರೆ ನೀವು ಉಳಿಯುವುದಿಲ್ಲ ಪ್ರಭು."

"ಅಲ್ಲಿ ನಾನು ಹೆದರಿದೆನೇ?"

"ಇಲ್ಲ."

"ಹಾಗಾದರೆ ಓದು."

ಗೈತಾ ಬಿಟ್ಟಿದ್ದ ಪುಟವನ್ನು ತೆರೆದಳು. ಗ್ರೀಕನ್ನು ನೋಡುತ್ತ ಲ್ಯಾಟಿನ್‌ನಲ್ಲಿ ಹೇಳುತ್ತ ಹೋದಳು. ಈ ಸಲ ಒಂದು ಮಾತನ್ನೂ ಬೆಳೆಸಲಿಲ್ಲ, ಒಂದು ಮಾತನ್ನೂ ಬಿಡಲಿಲ್ಲ.

"ದಿಗ್ವಿಜಯಿಗೆ ಜ್ವರ ಬಂತು. ಅವನು ತನ್ನ ಸೈನಿಕರನ್ನು ಮಂಚದ ಬಳಿಗೆ ಕರೆದ. ಒಬ್ಬೊಬ್ಬನನ್ನೂ ಹೆಸರು ಹಿಡಿದು ಮಾತಾಡಿಸಿದ. ನಾನು ಗೆದ್ದದ್ದು ನಿಮ್ಮಿಂದ, ಇನ್ನು ನೀವು ಮನೆಗೆ ಹೋಗಿ, ಎಂದ."

ದಿಗ್ವಿಜಯಿ ಅಲ್ಲೇ ಗೋಡೆಯ ಬದಿಯ ಮಂಚದ ಮೇಲೆ ಒರಗಿದ. ಹುಡುಗರು ಈಟಿ ಕೆಳಗಿಟ್ಟು ಒಬ್ಬೊಬ್ಬರಾಗಿ ಅವನ ಮುಂದೆ ಬಂದರು. ಕತೆಯಲ್ಲಿ ಹಾಗಿದ್ದದ್ದರಿಂದ ಅವನಿಗೆ ಎಲ್ಲರ ಹೆಸರೂ ಗೊತ್ತಾಯಿತು. ಬೆಸ್ತರ ಹುಡುಗ, ಕಮ್ಮಾರನ ಹುಡುಗ, ಎಲ್ಲರ ತಲೆ ಸವರಿ ಕಳಿಸಿದ. ಕೊನೆಗೆ ಬಂದವನು ಗೈತಾಳ ತಮ್ಮ.

"ಉರ್ಸೋ," ಎಂದ ದಿಗ್ವಿಜಯಿ, ಶಿರಸ್ತ್ರಾಣವನ್ನು ತನ್ನ ಕೈಯಿಂದಲೇ ತೆಗೆದು. "ಭೂಮಿಯ ಮೇಲೆ ನನ್ನನ್ನು ಗೆದ್ದವಳು ನಿನ್ನ ಅಕ್ಕ ಒಬ್ಬಳೇ. ಅವಳ ಜೊತೆ ಮನೆಗೆ ಹೋಗಪ್ಪ."

ಹೀಗೆಂದು ಕಣ್ಣು ಮುಚ್ಚಿದ. ಮಂಚ ಬರಿದಾಯಿತು.

ಗೈತಾ ತಮ್ಮನನ್ನು ತಬ್ಬಿಕೊಂಡು ಅತ್ತಳು, ಅತ್ತು ನಕ್ಕಳು. ಊರಿನ ಗಂಟೆಗಳೆಲ್ಲ ಮೊಳಗಿದವು. ತಾಯಂದಿರು ಬೀದಿಗೆ ಓಡಿ ಬಂದು ಮಕ್ಕಳ ಕೆನ್ನೆ ಹಿಡಿದು ನೋಡಿದರು. ಮೈಯೆಲ್ಲ ಹಿಟ್ಟಾಗಿದ್ದ ದೊರೆ ಹೊರಗೆ ಬಂದು ಊರಿಗೆಲ್ಲ ಔತಣವಿಟ್ಟ. ಅಂದು ಮನೆಗೆ ಮರಳಿದ ಹುಡುಗರು ಮದುವೆಯಾದರು, ಬಲೆ ಬೀಸಿದರು, ಕಬ್ಬಿಣ ಕಾಯಿಸಿದರು, ಮೊಮ್ಮಕ್ಕಳನ್ನು ತೊಡೆಯ ಮೇಲೆ ಆಡಿಸಿದರು. ಮರಿನೋಲದಲ್ಲಿ ಆಮೇಲೆ ಯಾವ ಮನೆಯ ಊಟದ ಸಾಲಿನಲ್ಲೂ ಒಂದು ಜಾಗ ಖಾಲಿ ಉಳಿಯಲಿಲ್ಲ.