ಬಾನೆಟ್ ಇನ್ನೂ ಒರಟಿದೆ

"ಇನ್ನೂ ಆಗ್ಲಿಲ್ವೇನಮ್ಮಾ?" ಭಾವ ಒಳಗಿನಿಂದ ಮೂರನೇ ಸಲ ಕೂಗಿದರು. ಪಾಲಿಶ್ ಮೆಷಿನ್ ಹಿಡಿದು ಅವರು ಅರ್ಧ ಗಂಟೆಯಿಂದ ಕಾಯುತ್ತಿದ್ದರು.

"ಇನ್ನೊಂಚೂರು!" ಅಂದಳು ಅವಳು, ಬಾನೆಟ್ ಉಜ್ಜುತ್ತಲೇ.

ಅಕ್ಕನ ಗಂಡನ ಆ ಕಾರ್ ತೊಳೆಯುವ ಅಂಗಡಿಯಲ್ಲಿ ಪಾಲಿಶ್‌ಗೆ ಮುಂಚಿನ ಕೆಲಸವೆಲ್ಲ ಅವಳದು. ಶಾಂಪೂ ಹಾಕಿ ತೊಳೆಯಬೇಕು. ಹಿಟ್ಟಿನುಂಡೆಯಂಥ ಕ್ಲೇಯಿಂದ ಉಜ್ಜಿ, ಬಣ್ಣಕ್ಕೆ ಕಚ್ಚಿಕೊಂಡ ಅಂಟು, ಧೂಳು ಎಲ್ಲ ಎಬ್ಬಿಸಬೇಕು. ಕೊನೆಗೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಸವರಬೇಕು. ಬರಿಗೈಗೆ ತಿಳಿಯದ ಕಣವೂ ಕವರಿನೊಳಗಿನ ಬೆರಳಿಗೆ ತಿಳಿಯುತ್ತದೆ. ಅವಳು "ಆಯ್ತು" ಅಂದರೆ ಆಯಿತು, ಭಾವ ಎರಡನೇ ಮಾತಾಡುವವರಲ್ಲ.

ಇವತ್ತು ಮಾತ್ರ ಆ ಮಾತು ಬಾಯಿಗೇ ಬರುತ್ತಿಲ್ಲ.

ಕಾರು ಲೆಕ್ಕದ ಮೇಷ್ಟ್ರದು. ಎರಡು ವರ್ಷದಿಂದ ತಿಂಗಳಿಗೊಮ್ಮೆ ಬಂದು, ಸ್ಟೂಲ್ ಎಳೆದುಕೊಂಡು ಕೂತು, ಕೈಯಲ್ಲಿನ ಪುಸ್ತಕದ ಒಂದು ಹಾಳೆಯನ್ನೂ ತಿರುಗಿಸದೆ ಅವಳನ್ನೇ ನೋಡುತ್ತಿದ್ದ ಮೇಷ್ಟ್ರು! ಈಗ ದೂರದ ಊರಿಗೆ ವರ್ಗವಾಗಿದೆ. ಕಾರು ಮಾರಿಬಿಟ್ಟಿದ್ದಾರೆ. ಸಂಜೆ ಕೊಂಡವರು ಬಂದು ಒಯ್ಯುತ್ತಾರೆ, ಸೋಮವಾರ ಇವರು ರೈಲು ಹತ್ತುತ್ತಾರೆ. ಕೈ ಬೇಗ ಓಡಿದರೆ ಬೇಗ ಹೋಗುತ್ತಾರೆ. ಓಡದಿದ್ದರೂ ಹೋಗುತ್ತಾರೆ. ಹಾಳಾದ್ದು, ಏನು ಮಾಡಬೇಕು?

"ಬಾನೆಟ್ ಎಷ್ಟನೇ ಸಲ ಇದು?" ಸ್ಟೂಲಿನಿಂದ ದನಿ ಬಂತು.

"ಲೆಕ್ಕದ ಮೇಷ್ಟ್ರು ನೀವು, ನೀವೇ ಎಣಿಸಿ."

"ಎಣಿಸಿದೀನಿ. ನಾಲ್ಕು."

ಅವಳು ಕವರ್ ಹಾಕಿಕೊಂಡು ಸವರಿದಳು. ಒಂದು ಕಣವೂ ಇಲ್ಲ.

"ಇನ್ನೂ ಒರಟಿದೆ," ಅಂದುಬಿಟ್ಟಳು. ಕೆಲಸದ ವಿಷಯದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು. ಕಿವಿಯವರೆಗೂ ಕೆಂಪಾದಳು.

ಮೇಷ್ಟ್ರು ಎದ್ದು ಬಂದರು. "ನಾನೂ ನೋಡ್ಲಾ?"

ಸಿಕ್ಕಿಬಿದ್ದೆ ಅಂದುಕೊಳ್ಳುತ್ತಾ ಕವರ್ ಕಳಚಿ ಕೊಟ್ಟಳು. ಅದರೊಳಗೆ ಅವಳ ಕೈಯ ಬಿಸಿ ಇನ್ನೂ ಇತ್ತು. ಅವರು ಬೆರಳು ತೂರಿಸಿದರು. ಆಮೇಲೆ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಸವರಿದರು. ಕೈ ಎಲ್ಲೂ ತಡೆಯದೆ ಜಾರಿತು.

"ಹೌದು," ಅಂದರು, ಅವಳ ಮುಖವನ್ನೇ ನೋಡುತ್ತಾ. "ತುಂಬಾ ಒರಟಿದೆ."

"ನೀವ್ಯಾಕೆ ಸುಳ್ಳು ಹೇಳ್ತೀರಿ?"

"ನಿಮ್ಮೊಬ್ಬರನ್ನೇ ಹೇಳೋಕೆ ಬಿಡೋ ಮನಸ್ಸಾಗ್ಲಿಲ್ಲ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. "ಹೋಗ್ಬೇಡಿ ಅಂತ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ ಮೇಷ್ಟ್ರೇ. ಅದಕ್ಕೇ ಉಜ್ತಾ ಇದ್ದೆ."

"ಹೋಗದೆ ವಿಧಿಯಿಲ್ಲ." ಅವರು ಕವರ್ ಕಳಚಿದರು. "ಎರಡು ವರ್ಷ ಬಾಯಿ ಬಿಡದೆ ಕೂತಿದ್ದ ದಡ್ಡ ನಾನು. ನೀವಂದ್ರೆ ನಂಗೆ ಪ್ರಾಣ. ರಜೆಗೆ ಬಂದು ನಿಮ್ಮ ಅಕ್ಕ, ಭಾವನ್ನ ಕೇಳ್ತೀನಿ. ಕಾಯ್ತೀರಾ?"

"ಕಾಯದೆ ಇನ್ನೇನು ಮಾಡ್ಲಿ?"

ಭಾವ ಬಾಗಿಲಿಗೇ ಬಂದರು. ಅವಳು ಕಣ್ಣೊರೆಸಿಕೊಂಡಳು. "ಆಯ್ತು ಭಾವ. ನೀವು ಶುರು ಮಾಡಿ."

ಮೆಷಿನ್ ಗುಂಯ್‌ಗುಡತೊಡಗಿತು. ಭಾವನ ಬೆನ್ನ ಹಿಂದೆ ಮೇಷ್ಟ್ರು ಅವಳ ಒದ್ದೆ ಕೈ ಹಿಡಿದುಕೊಂಡರು. ಬಿಡಿಸಿಕೊಳ್ಳಲು ಅವಳಿಗೆ ಆಗಲಿಲ್ಲ. ಸೋಮವಾರ ಬಿಡಲೇಬೇಕು ಅಂತ ಇಬ್ಬರಿಗೂ ಗೊತ್ತಿತ್ತು.